ನೆನೆಸದೆ ಹೊಲಿದ ಬೊಂತೆ

ಸೀರೆಗೆ ಫಾಲ್ ಹಚ್ಚುವ ವಿಷಯದಲ್ಲಿ ಚನ್ನಪಟ್ಟಣದ ನಮ್ಮ ಬೀದಿಗೆಲ್ಲ ನಾನೇ ಸುಪ್ರೀಂ ಕೋರ್ಟು. ಇದು ನಾನು ಹೇಳಿಕೊಳ್ಳುವ ಮಾತಲ್ಲ. ಅಂದರೆ, ನಾನೊಬ್ಬಳೇ ಹೇಳಿಕೊಳ್ಳುವ ಮಾತಲ್ಲ, ನಮ್ಮೆಜಮಾನ್ರೂ ಒಂದು ಸಾರಿ ಹೇಳಿದ್ದಾರೆ. ಯಾರೇ ಹೊಸ ಫಾಲ್ ತಂದು ನನ್ನ ಮುಂದಿಟ್ಟರೂ ನನ್ನ ಮೊದಲ ಪ್ರಶ್ನೆ ಒಂದೇ: "ನೆನೆಸಿ ಒಣಗಿಸಿದ್ದೀಯಾ?" ಇಲ್ಲ ಅಂದರೆ ಸೀರೆ ಸಮೇತ ವಾಪಸ್ಸು. ಹೊಸ ಬಟ್ಟೆ ನೀರು ಕಂಡರೆ ಕುಗ್ಗುತ್ತೆ, ಬಣ್ಣ ಬಿಡುತ್ತೆ, ಹೊಲಿದವಳ ಮಾನ ಕಳೆಯುತ್ತೆ ಅಂತ ಎಷ್ಟು ಜನರಿಗೆ ಪಾಠ ಹೇಳಿದ್ದೀನೋ ಲೆಕ್ಕವಿಲ್ಲ. ಇಷ್ಟೆಲ್ಲ ತಿಳಿದ ನಾನು ಒಂದು ಬೊಂತೆ ಹೊಲಿದೆ. ಆ ಕಥೆ ಕೇಳಿ.

ನಮ್ಮ ಮಗಳು ರೂಪ ಹೆಣ್ಣು ಹೆತ್ತು ಬಾಣಂತನಕ್ಕೆ ಮನೆಗೆ ಬಂದಳು. ನಾನಾಗಲೇ ಸೊಳ್ಳೆಪರದೆ ಇರೋ ಬೇಬಿ ಬೆಡ್ಡು, ಕರಡಿ ಚಿತ್ರದ ದಿಂಬು, ಎಲ್ಲ ತಂದು ಜೋಡಿಸಿದ್ದೆ. ಮಗುವನ್ನು ಅದರ ಮೇಲೆ ಮಲಗಿಸಿದ್ದೇ ತಡ, ಕಿಟಾರ್ ಅಂತ ಕಿರುಚಿತು. ಎತ್ತಿಕೊಂಡರೆ ಸುಮ್ಮನೆ, ಮಲಗಿಸಿದರೆ ಕಿರುಚಾಟ. ಆಗ ನಮ್ಮ ಅಳಿಯ ಮಹೇಶ ನಿಧಾನಕ್ಕೆ ಒಂದು ಗಂಟು ಬಿಚ್ಚಿದ.

"ಅತ್ತೆ, ನಮ್ಮವ್ವ ಬೊಂತೆ ಹೊಲ್ದು ಕಳ್ಸವ್ಳೆ. ಒಸಿ ಇದ್ರ ಮ್ಯಾಲೆ ಹಾಕಿ ನೋಡಿ."

ಬೊಂತೆ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಹಳೇ ಸೀರೆಗಳನ್ನು ಪದರದ ಮೇಲೆ ಪದರ ಹಾಕಿ ಕೈಯಲ್ಲೇ ಹೊಲಿದ ಮೆತ್ತನೆ ಹಾಸು. ಎಳೇ ಕೂಸಿಗೆ ಹೊಸ ಬಟ್ಟೆ ಹಾಸೋದಿಲ್ಲ, ಮನೆ ಹೆಂಗಸರು ಉಟ್ಟು, ಒಗೆದು, ಮತ್ತೆ ಉಟ್ಟು ಮೆತ್ತಗಾದ ಸೀರೆಯೇ ಆಗಬೇಕು. ಆ ಬೊಂತೆ ಮೇಲೆ ಹಾಕಿದ ತಕ್ಷಣ ನನ್ನ ಮೊಮ್ಮಗಳು ಒಂದು ಆಕಳಿಕೆ ತೆಗೆದು ನಿದ್ದೆಹೋದಳು. ನನ್ನ ಬೇಬಿ ಬೆಡ್ಡಿನಲ್ಲಿ ಅವತ್ತಿನಿಂದ ಒಗೆದ ಬಟ್ಟೆ ಮಡಚಿ ಇಡುತ್ತಿದ್ದೇವೆ.

ನನಗೆ ಹೊಟ್ಟೆ ಉರಿಯಿತು. ಮುಚ್ಚುಮರೆ ಏನು, ಚೆನ್ನಾಗಿಯೇ ಉರಿಯಿತು.

ನಮ್ಮ ಬೀಗಿತ್ತಿ ಚಿಕ್ಕತಾಯಮ್ಮ ಸಾತನೂರು ಕಡೆಯವರು. ಬೆಳಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಹಿಪ್ಪುನೇರಳೆ ಸೊಪ್ಪು ಕೊಯ್ದು, ರೇಷ್ಮೆ ಹುಳಕ್ಕೆ ಹಾಕಿ, ಮಿಕ್ಕ ಹೊತ್ತಿನಲ್ಲಿ ಬೊಂತೆ ಹೊಲಿಯುತ್ತಾರಂತೆ. ಮಿಕ್ಕ ಹೊತ್ತಿನಲ್ಲಿ! ನಾನು ಕನ್ನಡಕ ಹಾಕಿಕೊಂಡು ಆ ಬೊಂತೆಯ ಮೂಲೆ ಮೂಲೆ ತಡಕಿದೆ. ಒಂದೇ ಒಂದು ಹೊಲಿಗೆ ಸೊಟ್ಟ ಸಿಕ್ಕಿದ್ದರೂ ನಾನು ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ. ಸಿಗಲಿಲ್ಲ. ಉತ್ತ ಹೊಲದ ಸಾಲಿನ ಹಾಗೆ ನೆಟ್ಟಗೆ ಇತ್ತು.

ಮಗು ನೋಡಲು ಬಂದವರಾದರೂ ಮಗು ನೋಡಬೇಕೋ ಬೇಡವೋ? ಪಕ್ಕದ ಮನೆ ಗಂಗಮ್ಮ ತೊಟ್ಟಿಲೊಳಗೆ ಇಣುಕಿದವಳೇ, "ಎಲ್ಲಿ ಹೊಲ್ಸುದ್ರಿ ಇದ? ಎಷ್ಟು ಚೆಂದಾಗೈತೆ!" ಅಂದಳು.

"ಮಗು ಹೆಂಗೈತೆ ಹೇಳು" ಅಂದೆ.

"ಮಗುವೂ ಚೆನ್ನಾಗೈತೆ" ಅಂದಳು.

ಮಗು*ವೂ* ಅಂತೆ! ಅವತ್ತೇ ತೀರ್ಮಾನ ಮಾಡಿಬಿಟ್ಟೆ. ನಾಮಕರಣದ ದಿನ ತೊಟ್ಟಿಲಿಗೆ ಹಾಸುವುದು ನನ್ನ ಕೈಯಾರೆ ಹೊಲಿದ ಬೊಂತೆ. ಬಂದ ನೆಂಟರೆಲ್ಲ ನೋಡಬೇಕು, ಬೀಗಿತ್ತಿ ಎಲ್ಲರಿಗಿಂತ ಮೊದಲು ನೋಡಬೇಕು, ಮೊಮ್ಮಗಳು ಅದರ ಮೇಲೆ ನಿದ್ದೆ ಮಾಡಬೇಕು. ಆದರೆ ನಾನೂ ಹಳೇ ಸೀರೆಯಲ್ಲೇ ಹೊಲಿದರೆ ಅವರದರ ಥರವೇ ಆಯಿತಲ್ಲ? ಹಾಗಾಗಿ ಕೆಳಪದರಗಳಿಗೆ ಮಾತ್ರ ನನ್ನ ಹಳೇ ಸೀರೆ, ಮೇಲ್ಗಡೆಗೆ ಮಿರಮಿರ ಮಿಂಚುವ ಹೊಸ ಬಟ್ಟೆ ಅಂತ ಸದರಿ ಯೋಜನೆಗೆ ನಾನೇ ಮಂಜೂರಾತಿ ಕೊಟ್ಟುಕೊಂಡೆ.

ಬಟ್ಟೆ ಅಂಗಡಿಗೆ ಹೋಗಿ ಕುಂಕುಮದಂಥ ಕೆಂಪು ಕಾಟನ್ ಆರಿಸಿದೆ. ಅದರ ತುಂಬ ಇನ್ನೂ ಗಾಢ ಕೆಂಪಿನ ದೊಡ್ಡ ದೊಡ್ಡ ಹೂವು, ಹೂವಿಗೆ ತೊಟ್ಟು, ತೊಟ್ಟಿಗೆ ಎಲೆ. ಅಂಗಡಿಯವನು ಕತ್ತರಿಸುತ್ತಾ, "ಅಕ್ಕ, ಹೊಲಿಯೋಕೆ ಮುಂಚೆ ಉಪ್ಪುನೀರಲ್ಲಿ ಒಂದ್ಸಲ ನೆನೆಸ್ಬುಡಿ" ಅಂದ.

"ನನಗೇ ಹೇಳ್ಕೊಡ್ತೀಯೇನಪ್ಪ?" ಅಂದು ನಕ್ಕೆ. ನಿಜಕ್ಕೂ ನೆನೆಸಬೇಕೆಂದೇ ಇದ್ದೆ. ದೇವರಾಣೆ. ಮನೆಗೆ ಬಂದು ಬಕೆಟ್ಟಿಗೆ ನೀರೂ ಬಿಟ್ಟಿದ್ದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸಾತನೂರಿನಿಂದ!

"ಜಯಕ್ಕ, ಹೊಸಾ ಬಟ್ಟೇಲಿ ಬೊಂತೆ ಹೊಲೀತಿದ್ದೀರಂತೆ, ರೂಪ ಹೇಳುದ್ಲು. ಮೊದ್ಲು ಎಲ್ಡು ನೀರು ಹಾಕ್ಬುಟ್ಟು ಆಮ್ಯಾಕೆ ಹೊಲೀರಿ. ಕೆಂಪು ಬಟ್ಟೆಯ ನಂಬಂಗಿಲ್ಲ ಕನ್ರಕ್ಕ."

ಫೋನು ಇಟ್ಟವಳು ಬಕೆಟ್ಟಿನ ಮುಂದೆ ನಿಂತು ಯೋಚಿಸಿದೆ. ನೀರಿಗೆ ಹಾಕಿದರೆ ಹೊಸ ಬಟ್ಟೆಯ ಗಂಜಿ ಹೋಗುತ್ತೆ. ಗಂಜಿ ಹೋದರೆ ಮಿಂಚು ಹೋಗುತ್ತೆ. ಮಿಂಚು ಹೋದರೆ ನನ್ನ ಬೊಂತೆ ಅವರ ಬೊಂತೆಯ ಮುಂದೆ ಮಂಕು! ಓಹೋ, ಇದು ಸಲಹೆಯಲ್ಲ, ಸಂಚು! ಅಂಗಡಿಯವನಿಗೂ ಆಯಮ್ಮ ಮೊದಲೇ ಫೋನು ಮಾಡಿರಬಹುದೇ ಅಂತಲೂ ಒಂದು ಗಳಿಗೆ ಅನುಮಾನ ಬಂತು. ಬಕೆಟ್ಟಿನ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದೆ.

ರೂಪ ಬಾಣಂತಿ ಕೋಣೆಯಿಂದಲೇ ಕೂಗಿದಳು, "ಅಮ್ಮಾ, ನೆನೆಸ್ದೆ ಹೊಲೀತೀಯಾ? ಫಾಲ್ ನೆನೆಸ್ದೆ ತಂದೋರ್ನ ಬಾಗ್ಲಿಂದ ಆಚೆ ಕಳ್ಸೋಳು ನೀನೇ ಅಲ್ವಾ?"

"ಫಾಲ್ ಬೇರೆ, ಬೊಂತೆ ಬೇರೆ."

"ಹೆಂಗೆ ಬೇರೆ?"

"ಬೇರೆ ಅಂದ್ರೆ ಬೇರೆ! ಕಿವಿಗೆ ಹತ್ತಿ ಇಟ್ಕೊಂಡು ಮಲಿಕ್ಕೋ!"

ನಮ್ಮೆಜಮಾನ್ರು ಬಿಡದಿ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು, ನಾನು ಕೆಂಪು ಬಟ್ಟೆ ಹರಡಿಕೊಂಡು ಕೂತಿದ್ದನ್ನು ನೋಡಿದರು. "ಕೂಸು ಮಲಗೋಕೆ ಹೊಲೀತಿದ್ದೀಯೋ, ಬೀಗಿತ್ತೀರ್ನ ಮಲಗ್ಸೋಕೆ ಹೊಲೀತಿದ್ದೀಯೋ?" ಅಂದರು. ಅವರಿಗೆ ಅವತ್ತು ಕಾಫಿ ಸ್ವಲ್ಪ ತಡವಾಗಿ ಸಿಕ್ಕಿತು.

ನಾಮಕರಣದ ದಿನ ಬಂತು. ಹಜಾರದ ನಡುವೆ ತೊಟ್ಟಿಲು, ತೊಟ್ಟಿಲಿಗೆ ಹೂವು, ಒಳಗೆ ನನ್ನ ಬೊಂತೆ. ಹಾಹಾ, ಏನು ಕಳೆ! ಬೀಗರ ಕಡೆಯವರು ಬಸ್ಸಿಳಿದು ಬಂದರು. ಚಿಕ್ಕತಾಯಮ್ಮ ನೇರ ತೊಟ್ಟಿಲ ಹತ್ತಿರ ಬಂದು, ಬೊಂತೆಯ ತುದಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು.

"ಚೆನ್ನಾಗೈತೆ ಜಯಕ್ಕ. ನೀರು ಹಾಕುದ್ರಾ?"

"ಓ, ಹಾಕ್ದೆ. ಎರಡು ನೀರು!" ಅಂದೆ.

ಸುಳ್ಳು. ಉರಿಯುವ ದೀಪದ ಮುಂದೆ, ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೇಳಿದ ಸುಳ್ಳು. ನನ್ನ ನಾಲಿಗೆ ಒಂದು ಚೂರೂ ತೊದಲಲಿಲ್ಲ ನೋಡಿ!

ಮಗುವಿಗೆ ಎಣ್ಣೆ ನೀರು ಹಾಕಿ, ಮೈಮೇಲೆ ಬರೀ ಉಡುದಾರ ಕಟ್ಟಿ ತಂದು ತೊಟ್ಟಿಲಿಗೆ ಹಾಕಿದರು. ಎಲ್ಲರೂ ಉಸಿರು ಹಿಡಿದರು. ಹಿಡಿದದ್ದು ನಾನೊಬ್ಬಳೇ ಇರಬಹುದು. ಮಗು ಅಳಲಿಲ್ಲ! ಕೈಕಾಲು ಆಡಿಸಿತು, ಮೇಲೆ ಕಟ್ಟಿದ್ದ ಬಣ್ಣದ ಗಿಲಕಿ ನೋಡಿತು, ಆಮೇಲೆ ಗಂಭೀರವಾಗಿ ಸುಮ್ಮನಾಯಿತು. ನಾನು ಬೀಗಿತ್ತಿಯ ಕಡೆ ತಿರುಗಿ ಒಂದು ನೋಟ ಕೊಟ್ಟೆ. ಎಲೆಕ್ಷನ್ ಗೆದ್ದವರು ಸೋತವರನ್ನು ನೋಡುವ ನೋಟ ಅದು. ನಿಜ ಹೇಳಬೇಕೆಂದರೆ ಮಗು ಗಂಭೀರವಾಗಿದ್ದದ್ದು ನನ್ನ ಬೊಂತೆಯ ಸುಖಕ್ಕಲ್ಲ. ಅದು ತನ್ನ ಕೆಲಸದಲ್ಲಿ ಮಗ್ನವಾಗಿತ್ತು. ಆ ಕೆಲಸ ಮುಗಿದ ಮೇಲೂ ತಣ್ಣಗೆ, ಒದ್ದೆಯಲ್ಲೇ, ಮಂತ್ರ ಮುಗಿಯುವವರೆಗೆ ಮಲಗಿತ್ತು.

ಹೆಸರು ಕೂಗಲು ಬೀಗಿತ್ತಿ ಮಗುವನ್ನು ಎತ್ತಿಕೊಂಡರು. ಎತ್ತಿಕೊಂಡವರು ತಮ್ಮ ಅಂಗೈ ನೋಡಿಕೊಂಡರು.

"ಅಯ್ಯಯ್ಯೋ! ರಕ್ತ!"

ಮಗುವಿನ ಬೆನ್ನು, ಕುಂಡಿ, ತೊಡೆ, ಎಲ್ಲ ಕೆಂಪು! ಹಜಾರದಲ್ಲಿ ಎದ್ದ ಗಲಾಟೆ ಏನು ಹೇಳಲಿ. ಒಬ್ಬರು ಗಂದೆ ಎದ್ದಿದೆ ಅಂದರು, ಒಬ್ಬರು ಸರ್ಪಸುತ್ತು ಅಂದರು, ಗಂಗಮ್ಮ ದೃಷ್ಟಿ ತೆಗೆಯಲು ಮೆಣಸಿನಕಾಯಿ ತರಲು ಓಡಿದಳು. ಮಹೇಶ ಚಪ್ಪಲಿ ಕೂಡ ಹಾಕದೆ ಹೋಗಿ ಕಾರು ಸ್ಟಾರ್ಟ್ ಮಾಡಿ ಹಾರನ್ ಹೊಡೆಯತೊಡಗಿದ. ಬೀಗಿತ್ತಿ ಕೈಗೆ ಸಿಕ್ಕಿದ ತಮ್ಮ ಬೊಂತೆಯಲ್ಲಿ ಮಗುವನ್ನು ಸುತ್ತಿದರು. ಇನ್ನು ನಾನೋ? ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವಳು ನಾನೇ! "ಯಾರ ಕಣ್ಣು ಬಿತ್ತೋ ನನ್ ಕಂದಮ್ಮನ ಮೇಲೆ" ಅಂತ ಎದೆ ಬಡಿದುಕೊಂಡೆ. ಬಡಿದುಕೊಳ್ಳುತ್ತಲೇ ಓರೆಗಣ್ಣಲ್ಲಿ ಬೀಗಿತ್ತಿಯನ್ನೂ ನೋಡಿದೆ, ಪಾಪಿ ನಾನು.

ಆಗ ರೂಪ ಮಗುವನ್ನು ಕಿತ್ತುಕೊಂಡು, ಬೊಂತೆ ಸರಿಸಿ, ಬೆನ್ನನ್ನು ಬೆಳಕಿಗೆ ಹಿಡಿದಳು.

"ಅಮ್ಮಾ."

"ಏನ್ ಮಗಳೇ?"

"ಗಂದೆಗೆ ಎಲ್ಲಾದ್ರೂ ತೊಟ್ಟು, ಎಲೆ ಇರ್ತವಾ?"

ಎಲ್ಲರೂ ಬಗ್ಗಿ ನೋಡಿದರು. ನನ್ನ ಮೊಮ್ಮಗಳ ಬೆನ್ನ ಮೇಲೆ ಒಂದು ಹೂವು ಅಚ್ಚುಕಟ್ಟಾಗಿ ಅರಳಿತ್ತು. ದಳ ಎಣಿಸಬಹುದಿತ್ತು. ಕುಂಡಿಯ ಮೇಲೆ ತೊಟ್ಟು, ತೊಡೆಯ ಮೇಲೆ ಎಲೆ. ರೂಪ ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದಳು, ಹೂವು ಅರ್ಧ ಹೋಯಿತು. ಹಜಾರದಲ್ಲಿದ್ದ ಅಷ್ಟೂ ಜನ ಮಗುವಿನಿಂದ ತೊಟ್ಟಿಲಿಗೆ, ತೊಟ್ಟಿಲಿನಿಂದ ನನಗೆ ಕಣ್ಣು ತಿರುಗಿಸಿದರು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ. ಆಚೆ ಮಹೇಶ ಇನ್ನೂ ಹಾರನ್ ಹೊಡೆಯುತ್ತಲೇ ಇದ್ದ.

ಬೀಗಿತ್ತಿ ಬಯ್ಯಲಿ ಅಂತ ಕಾದೆ. ಬೈದಿದ್ದರೆ ತಿರುಗಿಸಿ ಒಂದು ಮಾತಾದರೂ ಆಡಬಹುದಿತ್ತು. ಆಯಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರು. ಭುಜ ಕುಲುಕುತ್ತಿತ್ತು. ಕೊನೆಗೆ ತಡೆಯಲಾರದೆ ನೆಲಕ್ಕೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಎಲ್ಡು ನೀರು ಹಾಕಿದ್ದೆ ಅಂದ್ರಲ್ಲ ಜಯಕ್ಕ?"

ನಾನು ತೊಟ್ಟಿಲ ಹೂವು ಸರಿಮಾಡತೊಡಗಿದೆ.

"ಹೋಗ್ಲಿ ಬುಡಿ. ಮೊದ್ಲನೇ ನೀರು ಕೂಸೇ ಹಾಕ್ತಲ್ಲ!"

ಊಟಕ್ಕೆ ಕೂತ ಪಂಕ್ತಿಯಲ್ಲೆಲ್ಲ ಈ ಮಾತೇ ಓಡಾಡಿತು. ಒಬ್ಬಟ್ಟು ಹೇಗಿದೆ ಅಂತ ಒಬ್ಬರೂ ಹೇಳಲಿಲ್ಲ.

ಊಟದ ಮೇಲೆ ನಾನೂ ಬೀಗಿತ್ತಿಯೂ ಹಿತ್ತಲಲ್ಲಿ ಎರಡು ಬಕೆಟ್ಟು ಇಟ್ಟುಕೊಂಡು ಕೂತೆವು. ಮಗುವನ್ನು ಸುತ್ತಿದ್ದರಲ್ಲ, ಅವರ ಬೊಂತೆಗೂ ನನ್ನ ಕೆಂಪು ಹತ್ತಿತ್ತು. ಅದನ್ನು ನೋಡಿ ನನಗೆ ಸಂಕಟವಾಯಿತು. ಒಳಗೊಳಗೆ ಒಂದಿಷ್ಟು ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ, ಅವತ್ತಿನ ಪಾಲಿನ ಸುಳ್ಳು ಮುಗಿದಿತ್ತು. ನೀರು ಬದಲಾಯಿಸಿದಷ್ಟೂ ನನ್ನ ಬೊಂತೆ ಕೆಂಪು ಕಾರುತ್ತಲೇ ಇತ್ತು. ಒಣಗಿದ ಮೇಲೆ ನೋಡಿದರೆ ಮೇಲಿನ ಹೊಸ ಬಟ್ಟೆ ಕುಗ್ಗಿದೆ, ಕೆಳಗಿನ ಹಳೇ ಸೀರೆ ಕುಗ್ಗಿಲ್ಲ. ಬೊಂತೆಯ ಮೈ ತುಂಬ ಗುಬುಟು, ನಾಲ್ಕೂ ಮೂಲೆ ಮೇಲಕ್ಕೆ ಎದ್ದಿವೆ.

ನಮ್ಮೆಜಮಾನ್ರು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಏನೇ ಇದು, ಕರಿದ ಹಪ್ಪಳ ಇದ್ದಂಗೈತೆ" ಅಂದರು.

ಅಷ್ಟರಲ್ಲಿ ಮಗು ಅಳಲು ಶುರುಮಾಡಿತು. ನನ್ನ ಬೊಂತೆ ಹಪ್ಪಳ, ಕೆಂಪು ಬಿಡಲಿ ಅಂತ ಮತ್ತೆ ಮತ್ತೆ ನೆನೆಸಿದ ಬೀಗಿತ್ತಿಯ ಬೊಂತೆ ಇನ್ನೂ ತೊಟ್ಟಿಕ್ಕುತ್ತಿದೆ. ಬೇಬಿ ಬೆಡ್ಡಿಗೆ ಹಾಕಿದರೆ ಕಿರುಚಾಟ. ನಾನು ತಟ್ಟಿದೆ, ಬೀಗಿತ್ತಿ ಜೋಗುಳ ಹಾಡಿದರು, ಮಹೇಶ ಗಿಲಕಿ ಆಡಿಸಿದ. ಊಹೂಂ. ನಮ್ಮೆಜಮಾನ್ರು ಒಳಗೆ ಹೋಗಿ, ಬೀರುವಿನ ತಳದಿಂದ ಒಂದು ಪಂಚೆ ಎಳೆದು ತಂದರು. ಅಂಚು ಕಿತ್ತು, ನಡುವೆ ಹರಿದು, ಇದ್ದ ಬಣ್ಣ ಯಾವುದು ಅಂತಲೂ ಗೊತ್ತಾಗದ ಪಂಚೆ. ಎಸೀರಿ ಎಸೀರಿ ಅಂತ ನಾನು ಎಷ್ಟು ಸಲ ಬಡಿದುಕೊಂಡಿದ್ದೆನೋ! ಅದನ್ನು ನಾಲ್ಕು ಮಡಿಕೆ ಮಾಡಿ ತೊಟ್ಟಿಲಿಗೆ ಹಾಸಿ ಮಗುವನ್ನು ಹಾಕಿದರು.

ಮಗು ಬಾಯಿ ಮುಚ್ಚಿತು. ಕಣ್ಣು ಮುಚ್ಚಿತು. ಇಬ್ಬರು ಅಜ್ಜಿಯರು ತೊಟ್ಟಿಲ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು ಮುಖ ಮುಖ ನೋಡಿಕೊಂಡೆವು.

"ಒಂದು ಹೊಲಿಗೇನೂ ಹಾಕಿಲ್ವಲ್ಲ ಅದ್ಕೆ" ಅಂದರು ಚಿಕ್ಕತಾಯಮ್ಮ. ನಗು ಎಲ್ಲೋ ಹೋಗಿತ್ತು. ಆ ಮುಖ ನನಗೆ ಚೆನ್ನಾಗಿ ಪರಿಚಯ, ನಾನು ದಿನಾ ಕನ್ನಡಿಯಲ್ಲಿ ನೋಡುತ್ತಿದ್ದ ಮುಖವೇ.

ಈಗ ಸಾತನೂರಿನಿಂದ ದಿನಾ ಫೋನು ಬರುತ್ತೆ. "ಕೂಸು ಏನುದ್ರ ಮ್ಯಾಲೆ ಮನೀಕಂಡೈತೆ?" ಅಂತಾರೆ. "ಅದೇ ಪಂಚೆ" ಅಂತೀನಿ. "ಇನ್ನೂವಾ?" ಅಂತಾರೆ. "ಇನ್ನೂವೆ" ಅಂತೀನಿ. ಆಮೇಲೆ ಇಬ್ಬರೂ ಸೇರಿ ಒಂದಷ್ಟು ಹೊತ್ತು ನಮ್ಮೆಜಮಾನ್ರ ಮೇಲೆ ಹೊಟ್ಟೆ ಉರ್ಕೊಳ್ತೀವಿ. ಬೀಗಿತ್ತಿಯೂ ನಾನೂ ಇಷ್ಟು ಹತ್ತಿರವಾಗಿದ್ದು ಇದೇ ಮೊದಲು.

ಹೋದ ವಾರ ತಡೆಯಲಾರದೆ ಕೇಳಿಯೇ ಬಿಟ್ಟೆ. "ರೀ, ಅಂಥದ್ದೇ ಹಳೇ ಪಂಚೆ ಇನ್ನೊಂದಿದ್ರೆ ಕೊಡಿ. ಸುತ್ತ ನಾಲ್ಕು ಹೊಲಿಗೆ ಹಾಕಿ, ಅಜ್ಜಿ ಹೊಲಿದ ಬೊಂತೆ ಅಂತ ಹಾಸ್ತೀನಿ."

ಆಯಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಐತೆ. ಕೊಟ್ಬುಟ್ರೆ ಕೂಸು ನಿನ್ ಕಡೆ ಆಗ್ಬುಡ್ತದೆ. ಕೊಡಕಿಲ್ಲ" ಅಂದರು.

ಅವತ್ತಿನಿಂದ ಬೀರುವಿನ ಬೀಗದ ಕೈ ಅವರ ಉಡುದಾರದಲ್ಲಿದೆ. ಹರಿದ ಪಂಚೆ ಕದಿಯಲು ಗಂಡ ಸ್ನಾನಕ್ಕೆ ಹೋಗುವುದನ್ನೇ ಕಾಯುವ ಗತಿ ನನಗೆ ಬಂತು. ಆ ಮನುಷ್ಯ ಸ್ನಾನಕ್ಕೂ ಉಡುದಾರ ಬಿಚ್ಚೋದಿಲ್ಲ!