ಬಾಯಿ ಸಣ್ಣ ಚೀಲ

ಬೆಳಿಗ್ಗೆ ಹಲ್ಲುಜ್ಜುತ್ತ ಬಾಗಿಲು ತೆಗೆದದ್ದೇ ಕತ್ತರಿ ಮಾಸ್ತರರು ಆ ದಿನ ಮಾಡಿದ ಮೊದಲ ತಪ್ಪು. ಹೊರಗೆ ಮನೆಯೊಡತಿ ನಿಂತಿದ್ದರು. ಮೂರು ತಿಂಗಳಿಂದ ಅವರ ಕಣ್ಣು ತಪ್ಪಿಸುವುದರಲ್ಲಿ ಮಾಸ್ತರರು ಎಂಥ ಪಳಗಿದ ಆಸಾಮಿಯಾಗಿದ್ದರೆಂದರೆ, ತಾವೆಲ್ಲಿದ್ದೇವೆಂದು ತಮ್ಮ ನೆರಳಿಗೂ ಪತ್ತೆ ಸಿಗುತ್ತಿರಲಿಲ್ಲ. ಆದರೆ ಬಾಯಲ್ಲಿ ಬ್ರಷ್ ಕಚ್ಚಿಕೊಂಡು ಮನೆಯೊಡತಿಯಿಂದ ಪಾರಾದ ಗಂಡಸು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

"ಸಾಯಂಕಾಲ ಐದಕ್ಕೆ ನಿಮ್ಮ ಅಂಗಡಿಗೇ ಬರ್ತೀನಿ. ಬಾಡಿಗೆ ಕೊಟ್ರೆ ಸರಿ. ಇಲ್ಲಾಂದ್ರೆ ಇವತ್ತೇ ಮನೆ ಖಾಲಿ ಮಾಡಿ."

ಮಾಸ್ತರರು ನೊರೆಯೊಳಗಿಂದಲೇ ತಲೆಯಾಡಿಸಿದರು. ಯಾರದು ಎಂದು ಒಳಗಿನಿಂದ ಹೆಂಡತಿ ಕೇಳಿದಾಗ ಹಾಲಿನವಳು ಎಂದರು. ಅವಳಿಗೂ ಕೊಡಬೇಕಲ್ಲ ಎಂದಳು ಆಕೆ.

ಅಂಗಡಿಯಲ್ಲಿ ಯಾರನ್ನಾದರೂ ಕೈಸಾಲ ಕೇಳಬಹುದಿತ್ತು. ಆದರೆ ಆ ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತ ಹನ್ನೆರಡು ವರ್ಷ ಅವರು ಕೊಚ್ಚಿದ ಬಡಾಯಿಯನ್ನು ಬಿಚ್ಚಿ ಹಾಸಿದ್ದರೆ ಇಡೀ ಊರಿಗೆ ಚಪ್ಪರವಾಗುತ್ತಿತ್ತು. ಹೆಣ್ಣು ಕೊಟ್ಟ ಮಾವನ ಆಸ್ತಿ, ಅಜ್ಜನ ತಿಜೋರಿ, ಮನೆಯಲ್ಲಿ ನೋಟಿಗೆ ಗೆದ್ದಲು ಹಿಡಿಯುವ ಭಯ. ಅಂಥವರು ಈಗ ಯಾವ ಮುಖ ಹೊತ್ತು ಕೈಯೊಡ್ಡುವುದು?

ಆಗ ಚೀಲ ನೆನಪಾಯಿತು. ಆ ದಿನ ತಿಂಗಳ ಕೊನೆ. ತಿಂಗಳ ಕೊನೆಗೆ, ಕೆಲಸ ಮುಗಿಯುವ ಮುಂಚೆ, ಅಂಗಡಿಯಲ್ಲಿ ಕಪ್ಪು ಬಟ್ಟೆಯ ಚೀಲವೊಂದು ಕೈಯಿಂದ ಕೈಗೆ ಸಾಗುತ್ತಿತ್ತು. ಎಲ್ಲರೂ ಮುಷ್ಟಿ ಕಟ್ಟಿಯೇ ಕೈ ಹಾಕಬೇಕು, ಮುಷ್ಟಿ ಕಟ್ಟಿಯೇ ಹೊರಗೆ ತೆಗೆಯಬೇಕು. ಉಳ್ಳವರು ದುಡ್ಡು ಹಾಕಬೇಕು, ಇಲ್ಲದವರು ತೆಗೆದುಕೊಳ್ಳಬೇಕು. ಯಾರು ಯಾವುದನ್ನು ಮಾಡಿದರೆಂದು ನೋಡುವಂತಿಲ್ಲ, ಕೇಳುವಂತಿಲ್ಲ, ಚೀಲದೊಳಗೆ ಇಣುಕುವಂತಿಲ್ಲ. ಮೊದಲ ಮುಷ್ಟಿ ಅಂಗಡಿ ಯಜಮಾನರದು, ಎರಡನೆಯದು ಮಾಸ್ತರರದು. ವರ್ಷದಿಂದ ವರ್ಷಕ್ಕೆ ಚೀಲ ಉಬ್ಬುತ್ತಲೇ ಹೋಗಿತ್ತು. ಅಲುಗಿಸಿದರೆ ಮೂರನೇ ಬೀದಿಯವರೆಗೆ ಗಿಲಿಗಿಲಿ ಕೇಳಿಸುತ್ತಿತ್ತು.

ಎರಡನೆಯವರಾಗಿ ಕೈ ಹಾಕಿದರೆ ಎಲ್ಲರ ಕಣ್ಣೂ ತಮ್ಮ ಮೇಲೆ. ಕೊನೆಯವರಾದರೆ ಎಷ್ಟು ಹೊತ್ತು ಬಾಚಿದರೂ ಕೇಳುವವರಿಲ್ಲ. ಬೆಳಕು ಸಾಲದೆಂದು ನೆಪ ಹೇಳಿ ಮಾಸ್ತರರು ತಮ್ಮ ಮೇಜನ್ನು, ಚೀಲ ಕೊನೆಗೆ ತಲುಪುವ ಕತ್ತಲೆ ಮೂಲೆಗೆ ಎಳೆದುಕೊಂಡರು. ಬೆಳಕಿಗಾಗಿ ಕತ್ತಲೆಗೆ ಹೋದವರನ್ನು ಯಾರೂ ಏನೂ ಕೇಳಲಿಲ್ಲ, ಅವರ ಬುದ್ಧಿಯ ಮೇಲೆ ಎಲ್ಲರಿಗೂ ಮೊದಲಿನಿಂದಲೂ ಅಷ್ಟು ಭರವಸೆ. ಅದೇ ಗಡಿಬಿಡಿಯಲ್ಲಿ ಗಿರಾಕಿಯೊಬ್ಬರ ಪ್ಯಾಂಟಿಗೆ ಎರಡೂ ಎಡಗಾಲನ್ನೇ ಕತ್ತರಿಸಿದರು.

ಬಾಚುವುದಕ್ಕೂ ಅಭ್ಯಾಸ ಬೇಕು. ಮೇಜಿನ ಕೆಳಗೆ ಸೀಮೆಸುಣ್ಣದ ಡಬ್ಬಿಗೆ ಕೈ ಇಳಿಸಿ, ಬಾಚಿ, ಮುಷ್ಟಿ ಬಿಗಿದು, ಮತ್ತೆ ಬಿಚ್ಚುತ್ತಿದ್ದಾಗ ಕಾಜ ಹೊಲಿಯುವ ಅಕ್ಕ ನೋಡಿಬಿಟ್ಟಳು.

"ಯಾಕಣ್ಣ, ಕೈ ಹಿಡ್ಕೊಂಡಿದ್ಯಾ?"

"ಹೂಂ ಕಣಮ್ಮ, ಸ್ವಲ್ಪ ಜೋಮು."

ಅಷ್ಟು ಸಾಕಾಯಿತು, ದರ್ಜಿ ಅಂಗಡಿ ಆಸ್ಪತ್ರೆಯಾಯಿತು. ಇಸ್ತ್ರಿ ಚಿಕ್ಕಪ್ಪನಿಗೆ ಬಿಸಿ ಒತ್ತಿದರೆ ಮಟ್ಟವಾಗದ ಕಾಯಿಲೆಯೇ ಇಲ್ಲವೆಂಬ ನಂಬಿಕೆ. ಆತ ಒದ್ದೆ ಬಟ್ಟೆಯನ್ನು ಇಸ್ತ್ರಿ ಪೆಟ್ಟಿಗೆಯ ಕೆಳಗೆ ಕಾಯಿಸಿ ಮಾಸ್ತರರ ಕೈಗೆ ಸುತ್ತಿದ. ಕೋಟು ಹೊಲಿಯುವ ಮಾವ ಒಂದೊಂದೇ ಬೆರಳನ್ನು ಲಟಲಟನೆ ಎಳೆದು, ನರ ಮೊಣಕೈಗೆ ಹತ್ತಿದೆ ಎಂದು ತೀರ್ಪು ಕೊಟ್ಟ. ಅಕ್ಕ ನಡುನಡುವೆ ಎಣ್ಣೆ ತಿಕ್ಕಿದಳು. ಬೇಡವೆಂದಷ್ಟೂ ಉಪಚಾರ ಹೆಚ್ಚಿತು. ನಾಲ್ಕೂವರೆಯ ಹೊತ್ತಿಗೆ ಮಾಸ್ತರರ ಬಲಗೈ ಹತ್ತಿ ತುಂಬಿ ಹೊಲಿದ ದಿಂಬಿನಂತೆ ಊದಿಕೊಂಡು, ಬೆರಳುಗಳಿಗೆ ಬೆಂಕಿ ಯಾವುದು ನೀರು ಯಾವುದು ಗೊತ್ತಾಗದಂತಾಯಿತು.

ಚೀಲ ಹೊರಟಿತು. ಯಜಮಾನರು, ಮಾವ, ಅಕ್ಕ, ಚಿಕ್ಕಪ್ಪ, ಎಲ್ಲರ ಮುಷ್ಟಿಯೂ ಒಳಹೊಕ್ಕು ಗಿಲ್ ಎಂದು ಹೊರಬಂತು. ಕೊನೆಗೆ ಮೂಲೆಗೆ ತಲುಪಿದಾಗ ಮಾಸ್ತರರು ಊದಿದ ಕೈಯನ್ನು ಹೇಗೋ ತುರುಕಿದರು. ಮೇಲೆ ಚಿಲ್ಲರೆ, ತಳದಲ್ಲಿ ನೋಟು ಎಂದು ಅಂದಾಜು ಮಾಡಿ ಮೊಣಕೈವರೆಗೆ ಇಳಿಸಿದರು. ಸಿಕ್ಕಿದ್ದನ್ನೆಲ್ಲ ಬಾಚಿ, ಮುಷ್ಟಿ ಬಿಗಿದು, ಎಳೆದರು.

ಕೈ ಬರಲಿಲ್ಲ.

ಮುಷ್ಟಿ ಬಿಚ್ಚಿದರೆ ಕೈ ಬರುತ್ತಿತ್ತು. ಆದರೆ ಬಾಡಿಗೆ ಹೋಗುತ್ತಿತ್ತು. ಮಾಸ್ತರರು ಬಿಚ್ಚಲಿಲ್ಲ. ನೋಡುವಂತಿಲ್ಲವೆಂಬ ಪದ್ಧತಿಗೆ ತಲೆಬಾಗಿ ಉಳಿದವರೆಲ್ಲ ಫ್ಯಾನು ನೋಡುತ್ತ ಕೂತರು. ಸರಿಯಾಗಿ ಐದಕ್ಕೆ, ಆ ಪದ್ಧತಿಯ ಗಂಧಗಾಳಿಯಿಲ್ಲದ ಮನೆಯೊಡತಿ ಒಳಗೆ ಬಂದರು.

"ಏನ್ರೀ ಇದು, ಕೈಗೆ ಚೀಲ ಹಾಕ್ಕೊಂಡು ಕೂತಿದೀರಾ?"

ಅವರು ಚೀಲ ಹಿಡಿದು ಎಳೆದರು. ಮಾವ ಮಾಸ್ತರರ ಸೊಂಟ ಹಿಡಿದು ಆ ಕಡೆಗೆ ಎಳೆದ. ಕರುಣೆ ತಡೆಯಲಾರದೆ ಅಕ್ಕ ಕತ್ತರಿ ತಂದು ಚೀಲವನ್ನು ಬಾಯಿಂದ ತಳದವರೆಗೆ ಚರ್ರನೆ ಸೀಳಿದಳು.

ಚೀಲದಿಂದ ಗುಂಡಿಗಳು ಸುರಿದವು. ಅಂಗಿಯ ಗುಂಡಿ, ಕೋಟಿನ ಗುಂಡಿ, ಎರಡು ತೂತಿನವು, ನಾಲ್ಕು ತೂತಿನವು, ಮೇಜು ಕುರ್ಚಿಗಳ ಕೆಳಗೆಲ್ಲ ಉರುಳಿದವು. ಹನ್ನೆರಡು ವರ್ಷದ ಪರೋಪಕಾರದಲ್ಲಿ ಒಂದು ನೋಟಿರಲಿಲ್ಲ, ಒಂದು ನಾಣ್ಯವಿರಲಿಲ್ಲ.

ಅಕ್ಕ ಬಿಳಿ ಗುಂಡಿಗಳನ್ನು ಕಂಡು ಕಿಟಕಿಯ ಕಡೆ ತಿರುಗಿದಳು. ಮಾವ ಹಿತ್ತಾಳೆಯದೊಂದನ್ನು ಮೆಲ್ಲನೆ ಚಪ್ಪಲಿಯ ಕೆಳಗೆ ಸೇರಿಸಿದ. ಮಾಸ್ತರರಿಗೆ ತಮ್ಮ ಕಂದು ಗುಂಡಿಗಳ ಗುರುತು ಸಿಕ್ಕಿತು. ತಿಂಗಳಿಗೊಂದರಂತೆ, ಬರೀ ಸದ್ದಿಗೆಂದು ಹಾಕಿದವು. ಲೋಕದಲ್ಲಿ ಇಂಥ ಉಪಾಯ ಹೊಳೆದದ್ದು ತಮಗೊಬ್ಬರಿಗೇ ಎಂದುಕೊಂಡಿದ್ದರು. ಬಾಡಿಗೆಯ ಜೊತೆಗೆ ಆ ಹೆಮ್ಮೆಯೂ ಹೋಯಿತು.

ಯಜಮಾನರು ಬಗ್ಗಿ, ತಮ್ಮ ಬೀರುವಿನಲ್ಲಿ ಮಾತ್ರ ಇರುವಂಥ ಚಿನ್ನದಂಚಿನ ಗುಂಡಿಯೊಂದನ್ನು ಹೆಕ್ಕಿ, ಜೇಬಿಗಿಳಿಸಿ, ಗಂಟಲು ಸರಿಮಾಡಿಕೊಂಡರು.

"ಅಂಗಡಿ ಗುಂಡಿ ಎಲ್ಲಿಗೆ ಹೋಗ್ತಿತ್ತು ಅಂತ ಈಗ ಗೊತ್ತಾಯ್ತು. ಒಳಗಿದ್ದ ಕೈ ನಿಮ್ಮದೇ ತಾನೆ ಮಾಸ್ತರೇ? ಇದರ ಬೆಲೆ ನಿಮ್ಮ ಸಂಬಳದಲ್ಲೇ ಹಿಡೀತೀನಿ. ಹೊಸ ಚೀಲಾನೂ ನೀವೇ ಹೊಲೀಬೇಕು." ದನಿ ತಗ್ಗಿಸಿ ಸೇರಿಸಿದರು. "ಬಾಯಿ ಒಂಚೂರು ಅಗಲ ಇರ್ಲಿ."

ಇದಕ್ಕಿಂತ ದೊಡ್ಡ ನ್ಯಾಯವಿಲ್ಲವೆಂದು ಮಾವ, ಅಕ್ಕ, ಚಿಕ್ಕಪ್ಪ ಮೂವರೂ ಒಂದೇ ಉಸಿರಿಗೆ ಒಪ್ಪಿದರು. ಮಾಸ್ತರರು ಗುಂಡಿ ಹಾಕಿದ್ದು ತಾವೊಬ್ಬರೇ ಅಲ್ಲವೆಂದರೆ, ಹಾಕಿದ್ದನ್ನು ಒಪ್ಪಿಕೊಂಡಂತೆ. ತೆಗೆಯಲು ಬಂದೆನೆಂದರೆ, ಅಜ್ಜನ ತಿಜೋರಿ ಅಲ್ಲೇ ಮುಳುಗಿದಂತೆ. ಮಾಸ್ತರರು ನೆಲಕ್ಕೆ ಬಗ್ಗಿ, ದಿಂಬಿನಂಥ ಕೈಯಲ್ಲಿ ಗುಂಡಿ ಆರಿಸತೊಡಗಿದರು.

ಮನೆಯೊಡತಿ ಕುರ್ಚಿ ಎಳೆದುಕೊಂಡು ಕೂತರು.

"ನಿಧಾನಕ್ಕೆ ಆರಿಸಿ, ನಾನು ಕಾಯ್ತೀನಿ. ಹೇಗೂ ಸೊಂಟ ಬಗ್ಗಿಸಿದೀರಿ, ಇಲ್ಲಿಂದ ನೇರ ಮನೆಗೆ ಬಂದು ಸಾಮಾನು ಕಟ್ಟೋದಕ್ಕೂ ಅನುಕೂಲ ಆಗತ್ತೆ."