ಟಾಂಗಾ ಬಂತು, ಬಾಜು ಸರೀರಿ

ನನ್ನ ಕಾಲನ್ನು ಕಂಡು ನಗುವವರಿಗೆ ಕರುಣೆ ಇಲ್ಲದಿದ್ದರೆ ಹಾಗಿರಲಿ, ಒಂದು ಹೊಸ ಜೋಕಾದರೂ ಇರಬೇಡವೇ? ಮೂರನೆಯ ವಯಸ್ಸಿನಲ್ಲಿ ಬಂದ ಜ್ವರಕ್ಕೆ ನನ್ನ ಎಡಗಾಲು ಸೊರಗಿತು. ಅಂದಿನಿಂದ ಊರುಗೋಲೇ ಗತಿ. ಶಾಲೆಯಲ್ಲಿ ಕೇಳಿದ ಜೋಕನ್ನೇ ಕಾಲೇಜಿನಲ್ಲೂ ಕೇಳಿದೆ. ಇಪ್ಪತ್ತೆರಡಕ್ಕೆ ಸಿಮೆಂಟ್ ಕಾರ್ಖಾನೆಯ ಊರಾದ ವಾಡಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದರೆ ಅದೇ ಜೋಕು ನನಗಿಂತ ಮೊದಲೇ ಹಾಜರಿತ್ತು. ಅದನ್ನು ಸಾಕಿಕೊಂಡಿದ್ದವರು ನಮ್ಮ ಹೊಸ ಕಟ್ಟಡ ಕಟ್ಟುತ್ತಿದ್ದ ಗುತ್ತೇದಾರ ಬಸಣ್ಣನವರು. ನನ್ನ ಕೋಲಿನ ಟಕ್ ಟಕ್ ಕೇಳಿದೊಡನೆ, ಕುದುರೆಯ ಗೊರಸಿನ ಸದ್ದೆಂಬಂತೆ, “ಟಾಂಗಾ ಬಂತು, ಬಾಜು ಸರೀರಿ,” ಎನ್ನುತ್ತಿದ್ದರು. ಕಚೇರಿಯೆಲ್ಲ ನಗುತ್ತಿತ್ತು. ನಾಚಿಕೆಗೇಡಿನ ಮಾತೆಂದರೆ ಎಲ್ಲರಿಗಿಂತ ಜೋರಾಗಿ ನಾನೇ ನಗುತ್ತಿದ್ದೆ. ಆಮೇಲೆ ಮನೆಗೆ ಹೋಗಿ ಅವ್ವನ ಮೇಲೆ ರೇಗುತ್ತಿದ್ದೆ. ಪಾಪ, ಅವಳು ಬಿಸಿ ರೊಟ್ಟಿ ಕೊಟ್ಟರೂ ತಪ್ಪು, ತಂಗಳು ಕೊಟ್ಟರೂ ತಪ್ಪು.

ಹೊಸ ಕಟ್ಟಡಕ್ಕೆ ಶಹಾಬಾದ್ ಕಲ್ಲಿನ ಫರಸಿ ಹಾಸಿ ಮುಗಿದಾಗ ಇಂಜಿನಿಯರ್ ಸಾಹೇಬರು ನೋಡಲು ಬಂದರು. ಅವರ ಹಿಂದೆ ಕಡತ ಹಿಡಿದುಕೊಂಡು ನಾನು. ಬಸಣ್ಣನವರು ಟಾಂಗಾ ಹೂಡಿಯೇಬಿಟ್ಟರು, ಸಾಹೇಬರೂ ನಕ್ಕರು. ನಗಲು ಬಾಯಿ ತೆರೆದವನು ಹಾಗೇ ನಿಂತೆ. ಟಕ್ ಟಕ್ ಎನ್ನುತ್ತಿದ್ದ ಕೋಲು ಡಬ್ ಎಂದಿತ್ತು. ಕಲ್ಲಿನ ಕೆಳಗೆ ಸಿಮೆಂಟು ಕೂರದೆ ಪೊಳ್ಳು ಉಳಿದರೆ ಬರುವ ಸದ್ದು ಅದು. ಚಿಕ್ಕಂದಿನಿಂದ ಫರಸಿಯ ಮೇಲೆ ಕೋಲೂರಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

“ಸಾಹೇಬ್ರ, ಇಲ್ಲಿ ಪೊಳ್ಳದ,” ಎಂದೆ.

“ಟಾಂಗಾದ ಮಾತೇನು ಕೇಳ್ತೀರಿ, ನಡೀರಿ, ಚಹಾ ಆರ್ಲಿಕತ್ತದ,” ಎಂದರು ಬಸಣ್ಣನವರು.

ಕಲ್ಲಿನ ಕೆಳಗೆ ಗಟ್ಟಿ ಇದ್ದರೆ ನಿವೃತ್ತಿಯವರೆಗೂ ನಾನು ಟಾಂಗಾನೇ. ಆದರೂ ಅಂದೆ: “ಒಂದ್ ಕಲ್ಲು ಎಬ್ಬಿಸಿ ನೋಡ್ರಿ. ನಂದು ಸುಳ್ಳಾದ್ರ ದಿನಾ ನಗ್ರಿ.”

ಮಿಸ್ತ್ರಿ ಮಹಬೂಬ್ ಸಾಬರು ಹಾರೆ ಹಾಕಿ ಎಬ್ಬಿಸಿದರು. ಕೆಳಗೆ ಬರೀ ಉಸುಕು. ಸಿಮೆಂಟಿನ ಊರಿನಲ್ಲಿ ಸಿಮೆಂಟಿಗೇ ಬರ.

ಅದುವರೆಗೆ ನನ್ನನ್ನು ‘ಏ, ಬಾರೋ’ ಎನ್ನುತ್ತಿದ್ದ ಸಾಹೇಬರು, “ನೀವು ಮುಂದ ನಡೀರಿ, ನಾವು ಹಿಂದ ಬರ್ತೀವಿ,” ಎಂದು ಬಸಣ್ಣನವರ ಕೈಗೆ ಸೀಮೆಸುಣ್ಣ ಕೊಟ್ಟರು. ಕೋಲು ಡಬ್ ಎಂದಲ್ಲೆಲ್ಲ ಅವರು ಬಗ್ಗಿ ಗುರುತು ಹಾಕಬೇಕು. ಮೂಲೆ ಮೂಲೆಗೂ ಹೋದೆ. ಜನ್ಮದಲ್ಲಿ ಅಷ್ಟು ಸೊಗಸಾಗಿ ನಾನು ಎಂದೂ ಕುಂಟಿರಲಿಲ್ಲ. ಸಂತೋಷಕ್ಕೆ ಕಣ್ಣು ಮಂಜಾಗಿತ್ತು.

ಪೊಳ್ಳು ಕಲ್ಲುಗಳನ್ನೆಲ್ಲ ಎಬ್ಬಿಸಿ ಮತ್ತೆ ಹಾಸಿದರು. ಟಾಂಗಾದ ಸುದ್ದಿ ಮತ್ತೆ ಯಾರೂ ಎತ್ತಲಿಲ್ಲ. ಇನ್ನೊಬ್ಬರನ್ನು ಗೋಳುಹೊಯ್ದುಕೊಂಡು ನಗುವುದು ಕೆಟ್ಟದ್ದೆಂದು ನಾನು ಈಗಲೂ ಎಲ್ಲರಿಗೂ ಹೇಳುತ್ತೇನೆ. ಆದರೆ ಬಸಣ್ಣನವರು ಎದುರಿಗೆ ಬಂದರೆ ಮಾತ್ರ, ಗಟ್ಟಿಯಾಗಿ ಕೂತ ಕಲ್ಲಿನ ಮೇಲೂ ಕೋಲೂರಿ, ಕಿವಿಗೊಟ್ಟು ಸುಮ್ಮನೆ ನಿಂತುಬಿಡುತ್ತೇನೆ, ಅವರು ಹಣೆಯ ಬೆವರು ಒರೆಸಿಕೊಳ್ಳುವವರೆಗೆ.