ಗಗನಯಾತ್ರಿಯ ಆಷಾಢ

ನಾಳೆಯಿಂದ ಆಷಾಢ. ಗುಮಾಸ್ತ ಚನ್ನಕೇಶವನಿಗೆ ಮದುವೆಯಾಗಿ ಎರಡೇ ತಿಂಗಳು. ಪದ್ಧತಿಯಂತೆ ಹೊಸ ಹೆಂಡತಿ ಶಿವಗಂಗಮ್ಮ ತಿಂಗಳ ಮಟ್ಟಿಗೆ ಕೆಂಗೇರಿಯ ತವರಿಗೆ ಹೋಗಬೇಕು. ಚನ್ನಕೇಶವನ ತಾಯಿ ಲಿಂಗಮ್ಮ ಹಿಡಿದ ಪಟ್ಟು ಬಿಡುವವರಲ್ಲ. ಆದರೆ ಓದು ಬಾರದ ಆಕೆಗೆ ಅಚ್ಚಾದದ್ದೆಲ್ಲ ವೇದ.

ನಮ್ಮವರೂ ಅಂತರಿಕ್ಷಕ್ಕೆ ಹೋಗಿಬಂದ ವರ್ಷ ಅದು. ಕೇಶವ ತಿಂಗಳ ಹಿಂದೆಯೇ ವಾರಪತ್ರಿಕೆಯ ಡಾಕ್ಟರಿಗೆ ಕಾಗದ ಬರೆದಿದ್ದ. ತನ್ನ ಸಂಕಟ ಹೇಳಿಕೊಳ್ಳಲು ನಾಚಿಕೆಯಾಗಿ, ‘ಎರಡು ವರ್ಷ ಅಂತರಿಕ್ಷದಲ್ಲಿ ಹೆಂಡತಿಯ ಸಂಗವಿಲ್ಲದೆ ಇದ್ದರೆ ಗಂಡಸಿನ ಆರೋಗ್ಯ ಕೆಡುವುದಿಲ್ಲವೇ?’ ಎಂದು ಕೇಳಿದ್ದ. ಕೆಡುತ್ತದೆ ಎಂದು ಅಚ್ಚಾದರೆ ಸಾಕು, ಹೆಂಡತಿ ಮನೆಯಲ್ಲೇ ಉಳಿದ ಹಾಗೆ.

ಇವತ್ತು ಪತ್ರಿಕೆ ಬಂತು, ಆದರೆ ಪಕ್ಕದ ಮನೆಗೆ. ನಿವೃತ್ತ ಬಸ್ ಕಂಡಕ್ಟರ್ ಮರಿಯಪ್ಪನವರಿಗೆ ಮೆಲ್ಲಗೆ ಓದಿ ಅಭ್ಯಾಸವಿಲ್ಲ.

“ಲಿಂಗಮ್ನೋರೇ! ಕೇಶವನ ಹೆಸರು, ಆರ್‌ಪಿಸಿ ಲೇಔಟು, ಎಲ್ಲಾ ಹಾಕವ್ರೆ! ಎರಡು ವರ್ಷ ಅಂತರಿಕ್ಷ ಅಂತ ಕೇಳವ್ನೆ. ಹೋಗದೇ ಇರೋನು ಯಾಕೆ ಕೇಳ್ತಾನೆ?”

ನಲ್ಲಿಯ ಮುಂದಿದ್ದವರೆಲ್ಲ ಬಿಂದಿಗೆ ಬಿಟ್ಟು ಬಂದರು. ಎದುರುಮನೆ ಹನುಮಕ್ಕ ಉಪ್ಪಿನಕಾಯಿ ಜಾಡಿಯನ್ನೇ ಹೊತ್ತು ತಂದರು. “ಅಲ್ಲಿ ಊಟ ಸಪ್ಪೆಯಂತೆ ಕಣಪ್ಪ. ಮುಚ್ಚಳ ಬಿಗಿಯಾಗಿ ಹಾಕ್ಕೋ, ಎಣ್ಣೆ ತೇಲಾಡ್ಬಿಟ್ಟಾತು.”

ಲಿಂಗಮ್ಮ ಗೊಳೋ ಎಂದು ಅತ್ತರು. “ಆಷಾಢ ಹಾಳಾಗ್ಲಿ! ಗಂಗಾ ಎಲ್ಲೂ ಹೋಗೋದ್ ಬೇಡ. ಇರೋ ನಾಕು ದಿನ ಇಬ್ರೂ ಜೊತೇಲಿರ್ಲಿ. ಯಾವಾಗಪ್ಪ ಹೊರಡೋದು?”

ನಿಜ ಹೇಳಲು ಬಾಯಿ ತೆರೆದಿದ್ದ ಕೇಶವನಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. “ಆಷಾಢ ಕಳೀಲಿ ಅಂದವ್ರೆ ಕಣಮ್ಮ,” ಎಂದುಬಿಟ್ಟ. ಒಳಗೆ ಗಂಗಾ ಬಾಯಿಗೆ ಸೆರಗೊತ್ತಿ ನಗುತ್ತ, ಕಟ್ಟಿದ್ದ ಪೆಟ್ಟಿಗೆ ಬಿಚ್ಚತೊಡಗಿದಳು.

“ತಡೀರಿ, ಡಾಕ್ಟ್ರ ಉತ್ತರ ಕೊನೇ ಪುಟದಲ್ಲೈತೆ,” ಎಂದು ಮರಿಯಪ್ಪ ಓದಿದರು: “‘ತೂಕವಿಲ್ಲದ ಕಡೆ ಆಸೆ ಕೆಲಕಾಲ ಕುಗ್ಗಬಹುದು. ಇಳಿದ ಮೇಲೆ ಎಲ್ಲ ಮೊದಲಿನಂತೆ. ಸಂಗವಿಲ್ಲದ್ದರಿಂದ ಆರೋಗ್ಯ ಕೆಡದು. ಆದರೆ ಹೊರಡುವ ಮುನ್ನ ದಂಪತಿಗಳು ಮೂರು ತಿಂಗಳು ದೂರವಿದ್ದು ರೂಢಿ ಮಾಡಿಕೊಳ್ಳುವುದು ಒಳ್ಳೆಯದು.’”

ಲಿಂಗಮ್ಮ ಕಣ್ಣೊರೆಸಿಕೊಂಡರು. “ಗಂಗಾ, ಪೆಟ್ಟಿಗೆ ಕಟ್ಟಮ್ಮ. ದಸರಾಕ್ಕೆ ಬಂದ್ರೆ ಸಾಕು. ರಾಕೆಟ್ಟೋರು ಬೇಕಾದ್ರೆ ಕಾಯ್ಲಿ.”

ಕೇಶವ ಬಾಗಿಲಿಗೆ ಅಡ್ಡ ನಿಂತ. “ಅಮ್ಮಾ, ನಾನು ಎಲ್ಲೂ ಹೋಗ್ತಾ ಇಲ್ಲ! ಬರೀ ಸುಳ್ಳು!”

“ಹೋಗಲ್ವಾ? ನಮ್ಮಪ್ಪನೇ!” ಲಿಂಗಮ್ಮ ಮಗನ ಕೆನ್ನೆ ಸವರಿ ನೆಟಿಗೆ ಮುರಿದರು. “ಹಂಗಾದ್ರೆ ಆಷಾಢ ಮಾತ್ರ ಮುಗಿಸ್ಕೊಂಡು ಬರ್ಲಿ ಬಿಡು. ಎರಡು ವರ್ಷಕ್ಕೇ ಏನೂ ಆಗಲ್ಲ ಅಂತ ಅಚ್ಚು ಹಾಕವ್ರೆ, ಒಂದು ತಿಂಗಳೇನು ಮಹಾ!”

ಸಂಜೆ ಗಂಗಾ ಕೆಂಗೇರಿ ಬಸ್ಸು ಹತ್ತಿದಳು. ಕೇಶವ ಒಬ್ಬನೇ ಮನೆಗೆ ಬರುವಷ್ಟರಲ್ಲಿ ಹನುಮಕ್ಕ ಉಪ್ಪಿನಕಾಯಿ ಜಾಡಿಯನ್ನೂ ವಾಪಸ್ ತೆಗೆದುಕೊಂಡು ಹೋಗಿದ್ದರು.